ಪದ್ದತ್ತೆಯ ಕೈಬಿಸಿ

ಪದ್ದತ್ತೆ ಯಾರನ್ನೇ ಮುಟ್ಟುವ ಮೊದಲು ತಮ್ಮ ಕೆನ್ನೆಯನ್ನು ತಾವೇ ಮುಟ್ಟಿಕೊಳ್ಳುತ್ತಿದ್ದರು. ಬಲಗೈಯ ಬೆನ್ನು ಬಲಗೆನ್ನೆಗೆ, ಎಡಗೈಯ ಬೆನ್ನು ಎಡಗೆನ್ನೆಗೆ. ಒಂದು ಗಳಿಗೆ ಕಣ್ಣು ಮುಚ್ಚಿ, ಯಾರೋ ಗುಟ್ಟು ಹೇಳಿದ್ದನ್ನು ಕೇಳಿಸಿಕೊಂಡವರಂತೆ ತಲೆಯಾಡಿಸಿ, ಆಮೇಲೆ ಕೈ ಮುಂದೆ ಚಾಚುವರು. ಗೊತ್ತಿಲ್ಲದವರು ನೋಡಿದರೆ, ದೇವರ ಮುಂದೆ ತಪ್ಪಾಯಿತೆಂದು ಗಲ್ಲ ಬಡಿದುಕೊಳ್ಳುತ್ತಿದ್ದಾರೆ ಎಂದುಕೊಳ್ಳಬೇಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, "ಯಾವ ದೇವರಿಗೆ ಅತ್ತೆ ಇದು?" ಎಂದು ಕೇಳಿಯೂ ಬಿಟ್ಟಿದ್ದೆ.

"ದೇವ್ರಲ್ಲ ಮಾರಾಯ್ತಿ, ಥರ್ಮಾಮೀಟ್ರ್" ಎಂದಿದ್ದರು. "ತಣ್ಣಗಿಪ್ಪು ಕೈಯಲ್ಲಿ ಮುಟ್ಟಿರೆ ಮೈ ನಂಬೂದಿಲ್ಲೆ."

ಪದ್ಮಾವತಿ ಅವರ ಹೆಸರು. ನಮ್ಮ ಯಜಮಾನರಿಗೆ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕುಂದಾಪುರದ ಕಡೆಯಿಂದ ತಮ್ಮನ ಮನೆಗೆಂದು ಈ ಊರಿಗೆ ಬಂದವರು, ಇಲ್ಲೇ ನಿಂತರು. ಮದರಾಸಿನ ರಾಯಪುರಂನಲ್ಲಿ ನಮ್ಮ ಹೋಟೆಲು ಕೆಳಗೆ, ಮನೆ ಮೇಲೆ. ಬೆಳಗಾದರೆ ಕೆಳಗಿನಿಂದ ಸಾಂಬಾರಿನ ಪರಿಮಳವೂ ಹಾರ್ಬರಿನ ಕಡೆಯಿಂದ ಮೀನಿನ ವಾಸನೆಯೂ ಒಟ್ಟಿಗೇ ಮೆಟ್ಟಿಲು ಹತ್ತಿ ಬರುತ್ತವೆ. ಇಷ್ಟು ವರ್ಷ ಇದ್ದರೂ ಪದ್ದತ್ತೆಯ ಮಾತು ಮಾತ್ರ ಕುಂದಾಪುರ ಬಿಟ್ಟು ಅಲುಗಲಿಲ್ಲ. ತಮಿಳು ಆಡುವಾಗಲೂ ಅದಕ್ಕೆ ಕುಂದಾಪುರದ ರಾಗವೇ. ತರಕಾರಿಯವನು ಅದನ್ನು ತೆಲುಗು ಎಂದುಕೊಂಡು ತೆಲುಗಿನಲ್ಲೇ ಉತ್ತರ ಕೊಡುತ್ತಿದ್ದ.

ಅವರ ಹೆಸರು ಹರಡಿದ್ದು ಬಾಣಂತನದಿಂದ. ನಮ್ಮ ಕಡೆಯ ಹೋಟೆಲು ಮನೆತನಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಯಾವ ಮನೆಯಲ್ಲಿ ಹೆರಿಗೆಯಾದರೂ, ಊರಿನಿಂದ ಅಜ್ಜಿಯಂದಿರು ಬರಲಾಗದಿದ್ದರೆ, ಮೊದಲು ಫೋನು ಬರುತ್ತಿದ್ದದ್ದು ಪದ್ದತ್ತೆಗೆ. ವೀಳ್ಯದೆಲೆ, ತುಳಸಿ, ಮೆಂತೆ ಹಾಕಿ ಕುದಿಸಿದ ತೆಂಗಿನೆಣ್ಣೆಯನ್ನು ಹಿತ್ತಾಳೆಯ ಗಿಂಡಿಯಲ್ಲಿ ತುಂಬಿ, ಬಾಯಿಗೆ ಬಾಳೆಲೆ ಕಟ್ಟಿ, ಆಟೋ ಹತ್ತಿ ಹೊರಟರೆ ತಿರುಗಿ ಬರುವುದು ಮಧ್ಯಾಹ್ನಕ್ಕೆ. ಅಗಲವಾದ ಅಂಗೈ, ಸಣ್ಣ ಮಣೆಯ ಹಾಗೆ. ಬೆರಳುಗಳೋ, ಆ ಅಂಗೈಗೆ ಸಂಬಂಧವೇ ಇಲ್ಲದವರ ಹಾಗೆ ನೀಳವಾಗಿ ಮೃದುವಾಗಿದ್ದವು.

ಬಿಸಿಗೆ ಅವರದೇ ಅಳತೆಯಿತ್ತು. ಬಾಣಂತಿಯ ಕಾಲಿಗೆ ಗಂಜಿಬಿಸಿ. ಸೊಂಟಕ್ಕೆ, ಬೆನ್ನಿಗೆ ಹಾಲುಬಿಸಿ, ಅಂದರೆ ಆಗಷ್ಟೇ ಕರೆದ ಹಾಲಿನದು. ಮಗುವಿಗೆ ಹಾಕುವ ನೀರಿಗೆ ಮಾತ್ರ ಮೂರನೆಯ ಒಂದು ಹೆಸರು: ಮಗಿನ್ ನೆತ್ತಿ. ಹುಟ್ಟಿದ ಮಗುವಿನ ನೆತ್ತಿಯ ಮೇಲೆ ಕೈಯಿಟ್ಟರೆ ಎಷ್ಟು ಬೆಚ್ಚಗಿರುತ್ತದೋ ಅಷ್ಟು. "ಅದ್ಕಿಂತ ಹದದ ಬಿಸಿ ಲೋಕದಲ್ಲೇ ಇಲ್ಲೆ. ಯಾವ ಒಲೆಗೂ ಅದ್ ಮಾಡೂಕೆ ಬತ್ತಿಲ್ಲೆ" ಎನ್ನುತ್ತಿದ್ದರು.

ನನ್ನ ಮಗಳು ಸ್ಮಿತಾ ಹುಟ್ಟಿದಾಗ ನಾನೂ ಆ ಕೈಗೆ ಸಿಕ್ಕಿದವಳೇ. ಮದರಾಸಿನ ಕತ್ತರಿ ಬಿಸಿಲು. ಫ್ಯಾನಿನ ಗಾಳಿಯೂ ಸುಡುವ ಆ ದಿನಗಳಲ್ಲಿ ಇವರು ಹಂಡೆಯ ನೀರನ್ನು ಕಾಯಿಸಿ ಸೊಂಟಕ್ಕೆ ಎರಚುವರು.

"ಬಿಸಿ ಅತ್ತೇ!"

"ಎಷ್ಟ್ ಬಿಸಿ? ಹಾಲಾ, ಗಂಜಿಯಾ?"

"ಕುದಿಯೋ ಸಾರು!"

"ಸಾರಾದ್ರೆ ಉಪ್ಪ್ ಸರಿ ಇತ್ತಾ ಕಾಣ್."

ನಾನು ಅಳುತ್ತಾ ನಗುತ್ತಾ ಬೈಯುತ್ತಿದ್ದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅವರ ಕೈ ಜಾಗ ಬದಲಿಸಿರುತ್ತಿತ್ತು ಎಂಬುದೂ ನಿಜ. ಎಲ್ಲಿ ನೋವೋ ಅಲ್ಲಿ ಬೆರಳು ತಾನಾಗಿ ನಿಧಾನವಾಗುತ್ತಿತ್ತು. "ಮೈ ಮಾತಾಡ್ತ್, ಕೈ ಕೇಳ್ಕ್. ಅದ್ ಬಿಟ್ರೆ ಇದ್ರಲ್ಲಿ ಎಂತ ವಿದ್ಯೆಯೂ ಇಲ್ಲೆ" ಎನ್ನುವರು. ಆ ಮಾತನ್ನು ನಾವೆಲ್ಲ ಎಷ್ಟು ಸಲ ಕೇಳಿದ್ದೆವೆಂದರೆ, ಅದರಲ್ಲಿ ಒಂದು ದಿನ ಬಿರುಕು ಬಿಡಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಸ್ಮಿತಾ ಕಾಲೇಜು ಮುಗಿಸುವ ಹೊತ್ತಿಗೆ ನನ್ನ ಎಡ ಎದೆಯಲ್ಲಿ ಗಡ್ಡೆ ಕಂಡಿತು. ಕ್ಯಾನ್ಸರ್ ಎಂದರು. ಎದೆಯನ್ನು ತೆಗೆಯಲೇಬೇಕು ಎಂದರು. ತೆಗೆದ ಮೇಲೆ ಅದೇ ಸಲ ಒಳಗೆ ಸಿಲಿಕಾನ್ ಇಂಪ್ಲಾಂಟ್ ಇಟ್ಟು ಹೊಲಿಯಬಹುದು, ಹೊರಗಿನಿಂದ ಎದೆ ಎದೆಯ ಹಾಗೇ ಇರುತ್ತದೆ, ಬೇಕೋ ಬೇಡವೋ ನೀವೇ ಹೇಳಿ ಎಂದರು ಸರ್ಜನ್ ಡಾಕ್ಟರಮ್ಮ. ನನಗೆ ಬೇಕಿತ್ತು. ಬೇಕು ಎನ್ನಲು ನಾಚಿಕೆ. ನಮ್ಮ ಮನೆಯಲ್ಲಿ ಗಂಡಸರು 'ಆಪರೇಷನ್' ಎಂದಷ್ಟೇ ಹೇಳಿ, ಅದು ಎಲ್ಲಿಗೆ ಎಂಬ ಮಾತು ಬಂದರೆ ಫ್ಯಾನು ನೋಡುತ್ತಿದ್ದರು. ನೆಂಟರೊಬ್ಬರು, "ಮಗಳ ಮದುವೆ ಮಾಡೋ ವಯಸ್ಸಿಗೆ ಅದೆಲ್ಲ ಯಾಕೆ" ಎಂದರು. ಇಂಪ್ಲಾಂಟ್ ಎಂದರೆ ಏನೆಂದೇ ಗೊತ್ತಿಲ್ಲದ ಪದ್ದತ್ತೆ ಹುರುಳಿಕಾಯಿ ಮುರಿಯುತ್ತಾ ಕೂತಿದ್ದವರು ತಲೆ ಎತ್ತಿದರು.

"ಹಲ್ಲ್ ಬಿದ್ದವ್ರ್ ಹಲ್ಲ್ ಕಟ್ಸಿಕಂತ್ರ್. ಅವ್ರತ್ರ ಯಾರಾದ್ರೂ ವಯಸ್ಸ್ ಕೇಳ್ತ್ರಾ?"

ಆ ನೆಂಟರಿಗೆ ಎರಡೂ ಸಾಲು ಕಟ್ಟಿಸಿದ ಹಲ್ಲು. ಮಾತು ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರಮ್ಮ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ಕೈ ಹೆಗಲಿಗಿಂತ ಮೇಲೆ ಎತ್ತಬೇಡಿ. ಭಾರ ಬೇಡ. ಅಂಗಾತ ಮಲಗಿ. ಎದೆಗೆಂದು ಕೊಟ್ಟ ಬಿಗಿಯಾದ ವಿಶೇಷ ಬಾಡಿಯನ್ನು ಹಗಲೂ ರಾತ್ರಿಯೂ ಹಾಕಿರಿ. ಜ್ವರ ಬಂದರೆ, ಕೆಂಪಾದರೆ, ಒಂದೇ ಕಡೆ ಊದಿಕೊಂಡರೆ ತಕ್ಷಣ ಬನ್ನಿ. ಮಸಾಜ್ ಮಾಡಬೇಕಾಗುತ್ತದೆ, ಆದರೆ ನಾನು ಹೇಳಿದ ಮೇಲೆ, ಅಲ್ಲಿಯವರೆಗೆ ಯಾರೂ ಒತ್ತುವಂತಿಲ್ಲ. ಪದ್ದತ್ತೆ ನನ್ನ ಪಕ್ಕದಲ್ಲಿ ಪಾಠ ಕೇಳುವ ಹಾಗೆ ಕೂತಿದ್ದವರು ನನ್ನ ಕಡೆ ತಿರುಗಿ, "ಒತ್ತುಕಾಗ, ಅಲ್ದಾ? ಆಯ್ತ್, ಒತ್ತೂದಿಲ್ಲೆ" ಎಂದು ದೊಡ್ಡ ಹರಕೆ ಹೊತ್ತವರಂತೆ ಒಪ್ಪಿಕೊಂಡರು.

ಮನೆಯಲ್ಲಿ ಅವರ ಕಾವಲು ಶುರುವಾಯಿತು. ಎರಡೂ ಪಕ್ಕಕ್ಕೆ ದಿಂಬು ಇಟ್ಟು ನಾನು ಹೊರಳದ ಹಾಗೆ ಕಟ್ಟೆ ಕಟ್ಟಿದರು. ಕಾಫಿ ಲೋಟವನ್ನೂ ಎತ್ತಲು ಬಿಡದೆ ತುಟಿಗೆ ಹಿಡಿಯುವರು. ತಲೆ ಬಾಚಿ ಜಡೆ ಹಾಕುವರು. ನೋಡಲು ಬಂದ ನನ್ನ ಗೆಳತಿಯೊಬ್ಬಳು ಅಳುತ್ತಾ ತಬ್ಬಿಕೊಳ್ಳಲು ಬಂದಾಗ, "ಹ್ವಾಯ್, ಅಲ್ಲೇ ನಿಂತ್ಕಂಡ್ ಅಳಿ!" ಎಂದು ಗದರಿದ್ದು ಕೆಳಗೆ ಹೋಟೆಲಿನವರೆಗೂ ಕೇಳಿಸಿತಂತೆ.

ಎರಡನೆಯ ವಾರವೇನೋ, ಹೆಗಲಿನಿಂದ ಎದೆಯವರೆಗೆ ಹಲಗೆ ಹೊಡೆದ ಹಾಗೆ ಬಿಗಿಯಾಗಿ, ಬೆಳಗಿನಿಂದ ನರಳುತ್ತಿದ್ದೆ. ಪದ್ದತ್ತೆ ನನ್ನ ಸುತ್ತ ಸುಳಿದರು. ಒತ್ತುವುದಿಲ್ಲ ಎಂದು ಮಾತು ಕೊಟ್ಟಾಗಿದೆ. ಆದರೆ ನಮ್ಮ ಕಡೆಯ ಹೆಂಗಸರಿಗೆ ಒತ್ತುವುದು ಬೇರೆ, ಶಾಖ ಕೊಡುವುದು ಬೇರೆ. ಒತ್ತುವುದಕ್ಕೆ ಕೈ ಬೇಕು, ಶಾಖಕ್ಕೆ ಬರೀ ಬಟ್ಟೆ. ಕಾವಲಿಯ ಮೇಲೆ ಹಳೆಯ ಪಂಚೆ ಮಡಿಸಿಟ್ಟು ಬಿಸಿ ಮಾಡಿ, ಕೆನ್ನೆಗೆ ಹಿಡಿದು ಹದ ನೋಡಿ, ನನ್ನ ಹೆಗಲ ಮೇಲಿಟ್ಟರು. ಸ್ವರ್ಗ ಅನ್ನಿಸಿತು. ಮತ್ತೆ ಬಿಸಿ ಮಾಡಿ ತಂದು ಸ್ವಲ್ಪ ಕೆಳಗೆ, ಎದೆಯ ಮೇಲ್ಭಾಗಕ್ಕೆ ಇಟ್ಟರು.

"ಬಿಸಿ ಜಾಸ್ತಿ ಆಯ್ತಾ ಹೆಣೇ?" ಹೆಣ್ಣೇ ಎಂದು ಅವರು ಪ್ರೀತಿಯಿಂದ ಕರೆಯುವುದು ಹಾಗೆ.

"ಇಲ್ಲ ಅತ್ತೆ, ಬಿಸಿನೇ ಇಲ್ಲ."

ಬಿಸಿಯೇ ಇಲ್ಲವೆಂದರೆ ಇನ್ನಷ್ಟು ಬಿಸಿ ಮಾಡಿ ತಂದರು. ನಾನು ನಿದ್ದೆಹೋದೆ. ಅವರು ಪಕ್ಕದಲ್ಲಿ ಕೂತು ಬಟ್ಟೆ ಬದಲಿಸುತ್ತಲೇ ಇದ್ದರು.

ಮಧ್ಯಾಹ್ನ ಬಾಡಿ ಬದಲಿಸಲು ಬಂದ ಸ್ಮಿತಾ ನಿಂತಲ್ಲೇ ನಿಂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ. "ಅಮ್ಮಾ, ಎನ್ನ ಇದು?" ಎಂದಳು, ಏನಿದು ಎಂದು. ಆಪರೇಷನ್ ಆದಾಗಿನಿಂದ ನಾನು ಆ ಕಡೆ ನೋಡಿರಲಿಲ್ಲ. ಅಂದು ನೋಡಿದೆ. ಚರ್ಮ ಅಂಗೈಯಗಲ ಕೆಂಪಾಗಿ, ನಡುವೆ ನೀರುಗುಳ್ಳೆ ಎದ್ದಿತ್ತು. ನೋವು? ಇಲ್ಲವೇ ಇಲ್ಲ. ಯಾರದೋ ಮೈ ಸುಟ್ಟದ್ದನ್ನು ನಾನು ನೋಡುತ್ತಿದ್ದ ಹಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಇದು ಹೇಗಾಯಿತು ಎಂದು ಕೇಳಿದರು. ನಮ್ಮ ಯಜಮಾನರು ಅತ್ತೆಯ ಮುಖ ನೋಡಿ, "ಬಿಸಿನೀರು ಏನೋ ತಾಗಿ..." ಎಂದು ತಮಿಳಿನಲ್ಲಿ ರಾಗ ಎಳೆದರು.

"ಇಲ್ಲೆ" ಎಂದರು ಪದ್ದತ್ತೆ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರು. "ನಾನೇ ಮಾಡ್ದೆ. ಈ ಕೈಯಲ್ಲೇ. ಒತ್ತುಕಾಗ ಅಂದ್ರಿ, ಒತ್ಲಿಲ್ಲೆ. ಶಾಖ ಕೊಟ್ಟೆ."

ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಆ ಅಂಗೈಗಳನ್ನು ನೋಡಿ, ನಿಧಾನವಾಗಿ ವಿವರಿಸಿದರು. ಎದೆಯ ಒಳಗಿನದನ್ನು ತೆಗೆಯುವಾಗ ಚರ್ಮಕ್ಕೆ ಹೋಗುವ ನರಗಳೂ ಕತ್ತರಿಸಿ ಹೋಗುತ್ತವೆ. ಆ ಚರ್ಮಕ್ಕೆ ಬಿಸಿ ತಂಡಿ ಗೊತ್ತಾಗುವುದಿಲ್ಲ. ಕೆಲವರಿಗೆ ಮುಂದೆ ಅಂಚಿನಲ್ಲಿ ಸ್ವಲ್ಪ ಬರಬಹುದು, ಬಾರದೆಯೂ ಇರಬಹುದು. ಆದ್ದರಿಂದ ಬಿಸಿ ಬಟ್ಟೆಯೂ ಬೇಡ, ಐಸೂ ಬೇಡ. ಈಗಿನ ಭಯವೆಂದರೆ ಗಾಯದಿಂದ ಒಳಗೆ ಸೋಂಕು ಇಳಿಯುವುದು. ಇಳಿದರೆ ಇಂಪ್ಲಾಂಟನ್ನು ತೆಗೆಯಬೇಕಾಗುತ್ತದೆ. ಕಾದು ನೋಡೋಣ.

ಪದ್ದತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಹಂಗಾರೆ ಆ ಜಾಗ ಮಾತೇ ಆಡೂದಿಲ್ಯಾ?"

ಇದನ್ನು ತಮಿಳಿಗೆ ಹೇಗೆ ತಿರುಗಿಸುವುದೆಂದು ನನಗೆ ತಿಳಿಯಲಿಲ್ಲ. "ಇಲ್ಲ ಅತ್ತೆ" ಎಂದು ನಾನೇ ಉತ್ತರ ಕೊಟ್ಟೆ.

ಆಮೇಲಿನ ದಿನಗಳು ಮಾತ್ರೆ, ಡ್ರೆಸಿಂಗು, ಜ್ವರ ನೋಡುವುದರಲ್ಲಿ ಹೋದವು. ನನಗೆ ಇಂಪ್ಲಾಂಟ್ ಹೋದರೆ ಹೇಗೆ ಎಂಬ ಚಿಂತೆಯೊಂದು. ಪದ್ದತ್ತೆಯನ್ನು ನೋಡಿದರೆ ಇನ್ನೊಂದು. ಎಣ್ಣೆಯ ಗಿಂಡಿಯನ್ನು ತೊಳೆದು ಬೋರಲು ಹಾಕಿ ಅಟ್ಟಕ್ಕೆ ಇಟ್ಟುಬಿಟ್ಟರು. ಎಗ್ಮೋರಿನ ಹತ್ತಿರ ನಮ್ಮವರ ಹೋಟೆಲೊಂದಿದೆ. ಅವರ ಸೊಸೆಗೆ ಹೆರಿಗೆಯಾಗಿ ಫೋನು ಬಂದಾಗ, "ಕೈ ಸರಿ ಇಲ್ಲೆ, ಬೇರೆಯವ್ರನ್ನ ಕಾಣಿ" ಎಂದರು. ಅವರು ಮಣಿಕಟ್ಟು ನೋವು ಎಂದುಕೊಂಡು ಯಾವುದೋ ಮುಲಾಮಿನ ಹೆಸರು ಹೇಳಿದರಂತೆ. ನನ್ನ ಕಣ್ಣಿಗೆ ಬಿದ್ದದ್ದು ಇನ್ನೂ ಸಣ್ಣದು. ಕಾಫಿ ಲೋಟವನ್ನು ಕೈಗೆ ಕೊಡುತ್ತಿದ್ದವರು ಈಗ ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಯಾರನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟದವರಿಗೆ ಕೆನ್ನೆ ಮುಟ್ಟಿಕೊಳ್ಳುವ ಕೆಲಸವೂ ಇರಲಿಲ್ಲ.

ಗಾಯ ಒಣಗಿತು. ಸೋಂಕು ಒಳಗೆ ಇಳಿಯಲಿಲ್ಲ. ಕಾಫಿ ಚೆಲ್ಲಿ ಒರೆಸಿದ ಹಾಗೆ ಒಂದು ಕಂದು ಗುರುತು ಉಳಿಯಿತು, ಅಷ್ಟೇ. ಹೊಲಿಗೆಯೂ ಪೂರ್ತಿ ಕೂಡಿಕೊಂಡ ಮೇಲೆ ಡಾಕ್ಟರಮ್ಮ, ಇನ್ನು ಮಸಾಜ್ ಕಲಿಯಿರಿ ಎಂದು ಫಿಸಿಯೋಥೆರಪಿಗೆ ಕಳಿಸಿದರು.

ಅಲ್ಲಿದ್ದವಳು ಕಯಲ್ ಎಂಬ ಹುಡುಗಿ. ಎಣ್ಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕಿವಿಯಲ್ಲಿ ಪುಟ್ಟ ಮೀನಿನ ಓಲೆ, ಕಾಲಲ್ಲಿ ಕ್ಯಾನ್ವಾಸ್ ಶೂ, ಮಾತು ಚುರುಕು. ನನ್ನನ್ನು ಮಲಗಿಸಿ ಇನ್ನೇನು ಶುರುಮಾಡಬೇಕು, ಬಾಗಿಲ ಹೊರಗಿನಿಂದ ಪದ್ದತ್ತೆಯ ದನಿ ಬಂತು.

"ಟೀಚರಮ್ಮಾ, ನಾನ್ ಒಳಗೆ ಬರ್ಲಾ? ಕಲೀಕ್."

ಕಯಲ್‌ಗೆ ಕನ್ನಡ ಬರದು, ಅರ್ಥವಂತೂ ಆಯಿತು. ಬಾಗಿಲು ತೆರೆದು ಮೇಲಿನಿಂದ ಕೆಳಗೆ ನೋಡಿದಳು. "ಸೂಡು ವೆಚ್ಚ ಪಾಟ್ಟಿ ನೀಂಗ ತಾನಾ?" ಬಿಸಿ ಇಟ್ಟು ಸುಟ್ಟ ಅಜ್ಜಿ ನೀವೇನಾ ಎಂದು. ಇಡೀ ಆಸ್ಪತ್ರೆಗೆ ಸುದ್ದಿ ಹೋಗಿತ್ತೆಂದು ಕಾಣುತ್ತದೆ.

ನನಗೆ ಮೈ ಹಿಡಿಯಾಯಿತು. ಪದ್ದತ್ತೆ ಮಾತ್ರ ತಮ್ಮ ರಾಗದ ತಮಿಳಿನಲ್ಲಿ, "ಆಮಾಮ್, ನಾನೇದಾನ್" ಎಂದು ಒಪ್ಪಿಕೊಂಡು, ಎಷ್ಟೋ ದಿನದ ಮೇಲೆ ನಕ್ಕರು. ಕಯಲ್ ಕೂಡ ನಕ್ಕು, ಒಂದು ಸ್ಟೂಲು ಎಳೆದು ಕೊಟ್ಟಳು.

ಆ ಸ್ಟೂಲಿನ ಮೇಲೆ ಕೂತ ಪದ್ದತ್ತೆ ಈಗಲೂ ನನ್ನ ಕಣ್ಣ ಮುಂದಿದ್ದಾರೆ. ಎಷ್ಟು ಮನೆಗಳ ಹೆಂಗಸರ ಸೊಂಟ ನಿಲ್ಲಿಸಿದ ಕೈ ಅದು. ಎಷ್ಟು ಮಕ್ಕಳ ಮೊದಲ ಸ್ನಾನ. ಅಂಥವರು ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ ಮಂಡಿಗಳನ್ನು ಕೂಡಿಸಿ, ಸೆರಗು ಬಿಗಿದು, ಬೆರಳಿನ ಉಂಗುರ ಬಿಚ್ಚಿ ಇಟ್ಟು ಕೂತಿದ್ದರು.

ಕಯಲ್ ಹೇಳಿಕೊಟ್ಟಳು. ಹೊರಗಿನ ವಸ್ತು ಒಳಗೆ ಬಂದಾಗ ಮೈ ಅದರ ಸುತ್ತ ತೆಳ್ಳನೆಯ ಪೊರೆ ಕಟ್ಟುತ್ತದೆ. ಅದು ಎಲ್ಲರಿಗೂ ಆಗುವುದೇ. ಕೆಲವರಿಗೆ ಆ ಪೊರೆ ಬಿಗಿಯುತ್ತಾ ಬಂದು ಎದೆ ಕಲ್ಲಿನಂತಾಗಿ ನೋಯುತ್ತದೆ. ಹಾಗಾಗದಿರಲಿ ಎಂದು ಇಂಪ್ಲಾಂಟನ್ನು ಅದರ ಜಾಗದಲ್ಲೇ ಮೆಲ್ಲಗೆ ಆಚೀಚೆ ಸರಿಸಬೇಕು. ಸರಿಸಿದವರಿಗೆಲ್ಲ ಬಿಗಿಯುವುದೇ ಇಲ್ಲವೆಂದಲ್ಲ. ನಮ್ಮ ಕೈಯಲ್ಲಿರುವುದನ್ನು ನಾವು ಮಾಡುವುದು. ಅದೂ ನನಗಿಟ್ಟಿರುವ ನುಣುಪು ಜಾತಿಗೆ ಮಾತ್ರ. ಮೇಲ್ಮೈ ಒರಟಾಗಿರುವ ಇನ್ನೊಂದು ಜಾತಿಯಿದೆ, ಅದು ಅಂಟಿಕೊಂಡು ನಿಲ್ಲಬೇಕಾದ್ದು, ಅದನ್ನು ಹೀಗೆ ಸರಿಸಲೇಬಾರದು. "ಯಾರದೋ ಕೇಳಿ ಯಾರಿಗೋ ಮಾಡಬೇಡಿ, ಪಾಟ್ಟಿ. ಅವರವರ ಡಾಕ್ಟರ್ ಹೇಳಬೇಕು." ಕೈ ತೊಳೆದು ಒರೆಸಿಕೊಂಡು, ಬೆರಳ ತುದಿಯಿಂದಲ್ಲ, ಬೆರಳು ಅಂಗೈ ಚಪ್ಪಟೆಯಾಗಿಟ್ಟು, ಕೆಳಗಿನಿಂದ ಮೇಲಕ್ಕೆ ಸರಿಸಿ ಹಿಡಿದು ನಿಲ್ಲಬೇಕು. ಬಿಡಬೇಕು. ಹೊರಗಿನಿಂದ ಒಳಕ್ಕೆ ಸರಿಸಿ ಹಿಡಿಯಬೇಕು. ಉಜ್ಜುವಂತಿಲ್ಲ, ನಾದುವಂತಿಲ್ಲ. ಹೊಲಿಗೆಯ ಗೆರೆಗೆ ಬೇರೆ, ಅದಕ್ಕೆ ಕೊಟ್ಟ ಜೆಲ್ ಹಚ್ಚಿ ಸಣ್ಣ ಸಣ್ಣ ಸುತ್ತು.

ಮಾದರಿಗೆಂದು ಇಟ್ಟಿದ್ದ ಇಂಪ್ಲಾಂಟೊಂದನ್ನು ಪದ್ದತ್ತೆಯ ಕೈಗೆ ಕೊಟ್ಟಳು. ಅವರು ಅದನ್ನು ಅಂಗೈಯಲ್ಲಿ ತೂಗಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. "ಅಯ್ಯೋ ರಾಮ, ದೋಸೆಹಿಟ್ಟಿನ ಪ್ಯಾಕೆಟ್ ಇದ್ದ್ ಹಂಗೇ ಇತ್ತಲೇ!"

ಗೊತ್ತಿಲ್ಲದ್ದನ್ನು ಕಲಿಯುವುದು ಅವರಿಗೆ ಕಷ್ಟವಾಗಲಿಲ್ಲ. ಗೊತ್ತಿದ್ದದ್ದೇ ಅಡ್ಡ ಬಂತು. ಕಯಲ್ ತೋರಿಸಿದ ಹಾಗೆ ಬಟ್ಟೆಯ ಬೊಂಬೆಯೊಂದರ ಮೇಲೆ ಕೈಯಿಟ್ಟರೆ, ಒಂದು ಉಸಿರಿನಲ್ಲಿ ಸರಿಯಾಗಿ ಮಾಡಿ ಎರಡನೆಯ ಉಸಿರಿಗೆ ಹೆಬ್ಬೆರಳು ತಾನಾಗಿ ನಾದಲು ಹೊರಡುತ್ತಿತ್ತು. "ಪಾಟ್ಟಿ! ಇದು ಚಪ್ಪಾತಿ ಮಾವು ಇಲ್ಲೆ!" ಎಂದು ಕಯಲ್ ಕೂಗುವಳು. ಚಪಾತಿ ಹಿಟ್ಟಲ್ಲ ಇದು ಎಂದು. ಪದ್ದತ್ತೆ ಚಟ್ಟನೆ ಕೈ ಎತ್ತಿ, ತಮ್ಮ ಹೆಬ್ಬೆರಳಿಗೇ ಬೈಯುವರು: "ಸುಮ್ನಿರ್ ಮಾರಾಯಾ, ನೀನ್ ಕಲ್ತದ್ದ್ ಸಾಕ್."

ಮನೆಗೆ ಬಂದ ಪದ್ದತ್ತೆ ಕೆಳಗೆ ಹೋಟೆಲಿನಿಂದ ಇಡ್ಲಿ ಹಿಟ್ಟು ತರಿಸಿ, ದಪ್ಪ ಪ್ಲಾಸ್ಟಿಕ್ ಕವರಿಗೆ ತುಂಬಿ ಬಾಯಿ ಕಟ್ಟಿ, ಅಡಿಗೆಕಟ್ಟೆಯ ಮೇಲೆ ಒದ್ದೆ ಟವೆಲಿನ ಅಡಿಯಲ್ಲಿಟ್ಟು ಅಭ್ಯಾಸಕ್ಕೆ ನಿಂತರು. ಮೇಲಕ್ಕೆ ಸರಿಸಿ ಹಿಡಿ. ಬಿಡು. ಒಳಕ್ಕೆ ಸರಿಸಿ ಹಿಡಿ. ಬಿಡು. ತೆಂಗಿನಕಾಯಿ ಕೊಡಲು ಮೇಲೆ ಬಂದ ನಮ್ಮ ಹೋಟೆಲಿನ ಅಡಿಗೆ ಭಟ್ಟರು ಬಾಗಿಲಲ್ಲೇ ನಿಂತರು.

"ಎಂತ ಪದ್ದಕ್ಕ, ಇಡ್ಲಿಹಿಟ್ಟಿಗೆ ಬಾಣಂತನವಾ?"

"ಹೌದ್. ನಿಮ್ಮ ಇಡ್ಲಿ ಕಲ್ಲಿನಂಗ್ ಆತ್ತಲ್ದಾ, ಮೆತ್ತಗ್ ಮಾಡೂಕೆ."

ಅಷ್ಟರಲ್ಲಿ ಹೆಬ್ಬೆರಳು ಮತ್ತೆ ಮಾತು ಮೀರಿತು. ಕವರು ಒಡೆದು ಹಿಟ್ಟು ಕಟ್ಟೆಯಿಂದ ಇಳಿದು ಭಟ್ಟರ ಕಾಲಿನವರೆಗೆ ಹರಿಯಿತು. ಭಟ್ಟರು ನಗಲು ಶುರುಮಾಡಿದರು. ಪದ್ದತ್ತೆ ನಗಲಿಲ್ಲ. ಹಿಟ್ಟು ಬಳಿದ ಕೈಯನ್ನು ನೋಡುತ್ತಾ, "ಹಿಟ್ಟಾದ್ರೆ ಒರ್ಸಿ ತೆಗಿಲಕ್ಕ್" ಎಂದಷ್ಟೇ ಹೇಳಿ, ಇನ್ನೊಂದು ಕವರು ತುಂಬಿದರು. ಕವರು ಒಡೆಯದ ದಿನ ಬರುವವರೆಗೂ ಅವರು ನನ್ನ ಮೇಲೆ ಕೈಯಿಡಲಿಲ್ಲ.

ಆ ದಿನ ಬಂದಾಗ ಬೆಳಗಿನ ಬೆಳಕು ಬೀಳುವ ಕಿಟಕಿಯ ಹತ್ತಿರ ನನ್ನನ್ನು ಮಲಗಿಸಿಕೊಂಡರು. ಮೊದಲು ಕಣ್ಣಿನಿಂದಲೇ ನೋಡಿದರು. ಬಣ್ಣ, ಊತ, ಎರಡೂ ಕಡೆಯ ಆಕಾರ. ಕೈಯ ಬೆನ್ನನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಇಟ್ಟು ಕಾವು ಹೋಲಿಸಿದರು. "ಬಾಯಿಲ್ಲದ್ದ್ ಇದ್. ಇದ್ರತ್ರ ಕೇಳೂಕಾತಿಲ್ಲೆ, ನೋಡ್ಕ್" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕೈಯಿಟ್ಟರು. ಆ ಮಣೆಯಂಥ ಅಂಗೈ ಮೆಲ್ಲಗೆ ಮೇಲಕ್ಕೆ ಸರಿಯಿತು. ಅದು ನನಗೆ ಎದೆಯಲ್ಲಿ ಗೊತ್ತಾಗಲಿಲ್ಲ, ಪಕ್ಕೆಯಲ್ಲಿ ಗೊತ್ತಾಯಿತು.

ಕೆಲವು ದಿನ ಹೀಗೆ ಆದ ಮೇಲೆ ಒಂದು ಬೆಳಿಗ್ಗೆ ಅವರು ಕೈಯಿಡಲಿಲ್ಲ. "ಇನ್ನ್ ನೀನ್ ಮಾಡ್ಕ್" ಎಂದರು.

ನನಗದು ಬೇಡವಾಗಿತ್ತು. ಸ್ನಾನದಲ್ಲೂ ಆ ಕಡೆ ಕಣ್ಣು ಹಾಯಿಸದೆ ನೀರು ಸುರಿದುಕೊಂಡು ಬರುತ್ತಿದ್ದೆ. ಬಚ್ಚಲಿನ ಕನ್ನಡಿಗೆ ಟವೆಲು ನೇತುಹಾಕಿದ್ದೆ. ಯಾರಾದರೂ ಮಾಡಿದರೆ ಫ್ಯಾನು ನೋಡುತ್ತಾ ಮಲಗಿರಬಹುದು, ನಮ್ಮ ಗಂಡಸರ ಹಾಗೆ. "ನೀವೇ ಮಾಡಿ ಅತ್ತೆ, ನಿಮ್ಮ ಕೈ ಚೆನ್ನಾಗಿ ಕಲಿತಿದೆ" ಎಂದೆ.

"ಬಾಣಂತಿಗಾದ್ರೆ ನಾನ್ ಹಚ್ಚಿ ಮೀಸಿ ಮನೆಗ್ ಬತ್ತೆ. ಇದ್ ಹಂಗಲ್ಲ. ನಾನ್ ಹೋದ್ಮೇಲೂ ಇದ್ ನಿನ್ ಹತ್ರವೇ ಇರ್ಕ್." ಮಂಚದ ಅಂಚಿಗೆ ಕೂತರು. "ಹೊಸ ಸೊಸೆ ಮನೆಗೆ ಬಂದ್ರೆ ಮನೆಯವ್ರೆಲ್ಲ ಸುತ್ತ ಬಿಗ್ದ್ ನಿಂತ್ಕಂತ್ರ್. ಅವ್ಳಿಗೆ ಹಂದೂಕೂ ಜಾಗ ಇರೂದಿಲ್ಲೆ. ಒಬ್ರಾದ್ರೂ ದಿನಾ ಮಾತಾಡ್ಸ್ಕ್, ಇಲ್ಲಿ ಬಾ, ಅಲ್ಲಿ ಕೂಕೋ ಅಂತ. ನೀನ್ ಮುಖವೇ ಕಾಣ್ದೆ ಇದ್ರೆ ಅದ್ ಯಾರತ್ರ ಹೊಂದಿಕಂತ್?"

ನಾನು ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಮೊದಲು ಮಾತಾಡಿಸಿದವರು ಅವರೇ. ಅದನ್ನು ಅವರು ಹೇಳಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಕನ್ನಡಿಯ ಮೇಲಿನ ಟವೆಲು ತೆಗೆದು, ಮಡಿಸಿ, ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದರು. ಬಾಗಿಲ ಆಚೆ ಸೊಪ್ಪು ಬಿಡಿಸುತ್ತಾ ಕೂತ ಸದ್ದು ಕೇಳಿಸುತ್ತಿತ್ತು. ನಾನು ಕನ್ನಡಿಯ ಮುಂದೆ ನಿಂತೆ. ನೋಡಿದೆ. ಗೆರೆ, ಕಂದು ಗುರುತು, ನನ್ನದಲ್ಲದ ಒಂದು ಉಬ್ಬು. ಕೈಯಿಟ್ಟೆ. ಅಂಗೈಗೆ ಎದೆ ಗೊತ್ತಾಗುತ್ತಿತ್ತು, ಎದೆಗೆ ಅಂಗೈ ಗೊತ್ತಾಗುತ್ತಿರಲಿಲ್ಲ. ಮೇಲಕ್ಕೆ ಸರಿಸಿ ಹಿಡಿದೆ. ಬಿಟ್ಟೆ.

"ಆಯ್ತಾ?" ಎಂದು ಹೊರಗಿನಿಂದ ಕೇಳಿದರು.

"ಆಯ್ತು."

ಅಲ್ಲಿಂದ ಆ 'ಆಯ್ತಾ' ನಮ್ಮಿಬ್ಬರ ನಡುವೆ ನಿತ್ಯದ ಮಾತಾಯಿತು. ನೆಂಟರ ಮುಂದೆ, ಊಟದ ಪಂಕ್ತಿಯಲ್ಲಿ, ದೇವಸ್ಥಾನದಲ್ಲಿ ಎಲ್ಲಾದರೂ ಸರಿ, "ಆಯ್ತಾ?" ನಮ್ಮ ಯಜಮಾನರು ಅದನ್ನು ತಿಂಡಿಯ ವಿಚಾರ ಎಂದೇ ತಿಳಿದಿದ್ದರು. "ಅತ್ತೆಗೆ ನಿನ್ನ ಹೊಟ್ಟೆಯದೇ ಚಿಂತೆ" ಎನ್ನುತ್ತಿದ್ದರು.

ಎದೆ ಮೆತ್ತಗೇ ಉಳಿಯಿತು. ಪ್ರತಿ ಸಲದ ತಪಾಸಣೆಯಲ್ಲೂ ಕಯಲ್ ಒತ್ತಿ ನೋಡಿ, "ಪಾಟ್ಟಿ, ಪಾಸ್!" ಎಂದು ಪದ್ದತ್ತೆಯ ಕೈ ಕುಲುಕುವಳು. ಗಿಂಡಿ ಅಟ್ಟದಿಂದ ಇಳಿಯಿತು. ಮತ್ತೆ ಬಾಣಂತಿಯರ ಮನೆಗೆ ಹೊರಟರು. ಆದರೆ ಹಿಂದಿನ ಪದ್ದತ್ತೆಯಲ್ಲ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಸಿಸೇರಿಯನ್ ಆದ ಹುಡುಗಿ. ಅವಳ ಹೊಟ್ಟೆಯ ಹೊಲಿಗೆಯ ಹತ್ತಿರ ಬಂದೊಡನೆ ಕೈ ಹಿಂದಕ್ಕೆ ಬಂತು. "ಇಲ್ಲಿ ಡಾಕ್ಟ್ರ್ ಹೇಳದೆ ನಾನ್ ಮುಟ್ಟೂದಿಲ್ಲೆ." ಕಾಲಿಗೆ, ಬೆನ್ನಿಗೆ ಎಣ್ಣೆ ಹಚ್ಚುವಾಗಲೂ ಬೆರಳು ಸರಿದಲ್ಲೆಲ್ಲ ಕೇಳುತ್ತಿದ್ದರು, "ಇಲ್ಲಿ ಗೊತ್ತಾತ್ತಾ? ಇಲ್ಲಿ?" ಆ ಹುಡುಗಿ ನಕ್ಕು, "ಎಲ್ಲ ಗೊತ್ತಾಗತ್ತೆ ಅಜ್ಜಿ, ನನ್ನ ಮೈಯೇ ಅಲ್ವಾ" ಎಂದಳು. ಪದ್ದತ್ತೆ ನನ್ನ ಕಡೆ ನೋಡಲಿಲ್ಲ. "ಆದ್ರೂ ಹೇಳ್ ಮಗಾ" ಎಂದರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಎಗ್ಮೋರ್ ಸ್ಟೇಷನ್ನಿನಲ್ಲಿ. ಊರಿನಲ್ಲಿ ಅಣ್ಣನ ಮೊಮ್ಮಗಳ ಮದುವೆ. ಮಂಗಳೂರಿನ ಗಾಡಿಗೆ ಹತ್ತಿಸಲು ಹೋಗಿದ್ದೆವು. ಮದುವೆ ಮುಗಿಸಿ, ಇನ್ನು ನಾಲ್ಕು ದಿನ ಇದ್ದು ಬರುತ್ತೇನೆ ಎಂದವರು ಅಲ್ಲಿಯೇ ಒಂದು ಬೆಳಿಗ್ಗೆ ಏಳಲಿಲ್ಲ. ಗಿಂಡಿ ಈಗಲೂ ನಮ್ಮ ಅಡಿಗೆಮನೆಯಲ್ಲಿದೆ. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡಾಗ ಹೊರಗೆ ಸೊಪ್ಪು ಬಿಡಿಸುವ ಸದ್ದು ಇರುವುದಿಲ್ಲ. ಕೈ ಒರೆಸಿಕೊಂಡ ಮೇಲೆ ಅದರ ಬೆನ್ನನ್ನು ನಾನೂ ಕೆನ್ನೆಗಿಟ್ಟುಕೊಳ್ಳುತ್ತೇನೆ. ಆ ಎದೆಗೆ ಅದರ ಅಗತ್ಯವಿಲ್ಲ ಎಂದು ಕಯಲ್ ಹೇಳುತ್ತಾಳೆ. ಇರಲಿ.

ಸ್ಟೇಷನ್ನಿನ ಆ ದಿನ, ಯಜಮಾನರು ನೀರಿನ ಬಾಟಲಿ ತರಲು ಇಳಿದಿದ್ದರು. ಪುಳಿಯೋಗರೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದ ಪದ್ದತ್ತೆ ಕೇಳಿದರು, "ಆಯ್ತಾ?"

"ಆಯ್ತು ಅತ್ತೆ, ಬೆಳಿಗ್ಗೆನೇ."

"ಕಾಂಬ. ನಾನ್ ಬಪ್ಪವರೆಗೆ ಯಾರ್ ನೋಡ್ತ್ರ್?" ಎಂದು ನನ್ನನ್ನು ಒಳಗಿನ ಮೂಲೆಗೆ ಕೂರಿಸಿ, ತಮ್ಮ ಸೆರಗನ್ನು ಅಡ್ಡ ಹಿಡಿದರು. ಕೈಯ ಬೆನ್ನು ಕೆನ್ನೆಗೆ ಹೋಯಿತು, ಬಲ, ಎಡ. ಕಣ್ಣು ಮುಚ್ಚಿ ತಲೆಯಾಡಿಸಿದರು. ರವಿಕೆಯ ಮೇಲಿನಿಂದಲೇ, ಹೆಗಲ ಮೂಳೆಗಿಂತ ಸ್ವಲ್ಪ ಕೆಳಗೆ, ಆ ಕಂದು ಗುರುತಿನ ಮೇಲ್ತುದಿಗೆ ಅಂಗೈ ಇಟ್ಟರು.

ಮೊದಲು ಏನೂ ಇಲ್ಲ, ಎಂದಿನಂತೆ. ಆಮೇಲೆ ಏನೋ ಇತ್ತು. ಮುಟ್ಟಿದ್ದೆಂದು ಅನ್ನಿಸಲಿಲ್ಲ. ಮುಚ್ಚಿದ ಕಣ್ಣಿನ ಮೇಲೆ ಬಿಸಿಲು ಬಿದ್ದಾಗ ಗೊತ್ತಾಗುವ ಹಾಗೆ, ಬಹಳ ದೂರದಿಂದ.

"ಅತ್ತೆ, ಬಿಸಿ" ಎಂದೆ.

ಅವರು ಕೈಯನ್ನು ಕಿತ್ತುಕೊಂಡರು. ಡಬ್ಬಿ ಮಡಿಲಿನಿಂದ ಜಾರಿತು. "ಸುಟ್ತಾ? ಸುಟ್ತಾ ಹೆಣೇ?"

"ಇಲ್ಲ ಅತ್ತೆ. ಬಿಸಿ ಗೊತ್ತಾಗ್ತಾ ಇದೆ. ಅಲ್ಲೇ, ಆ ಅಂಚಿನಲ್ಲಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೈಯನ್ನು ಮತ್ತೆ ಕೆನ್ನೆಗೆ ಒತ್ತಿ ನೋಡಿಕೊಂಡರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಹಂಡೆಯ ಪಕ್ಕ ನಿಂತು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು:

"ಎಷ್ಟ್ ಬಿಸಿ? ಗಂಜಿಯಾ, ಹಾಲಾ?"

ಕೆಳಗೆ ಪ್ಲಾಟ್‌ಫಾರಮ್ಮಿನಲ್ಲಿ ಯಜಮಾನರು ಕಿಟಕಿಯ ಸರಳು ಬಡಿಯುತ್ತಾ, ಇಳಿ ಇಳಿ, ಸಿಗ್ನಲ್ ಬಿತ್ತು ಎನ್ನುತ್ತಿದ್ದರು. ನಾನು ಅತ್ತೆಯ ಕೈಯನ್ನು ಹಿಡಿದು ಅದೇ ಜಾಗಕ್ಕೆ ತಂದು ಇಟ್ಟುಕೊಂಡೆ. ಕಾದೆ. ಬಂತು.

"ಮಗಿನ್ ನೆತ್ತಿ" ಎಂದೆ.